ಮಂಡಿ ಹಿಂದಿನ ಕಲ್ಲುಗಂಟು: ಕೆತ್ತಿಸುವ ಮುಂಚೆ ಸೂಜಿ ಪರೀಕ್ಷೆ ಯಾಕೆ ಬೇಕು?

ಪ್ರಶ್ನೆ: ನನಗೆ 31 ವರ್ಷ. ಶಿವಮೊಗ್ಗ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಎರಡೂವರೆ ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಬಲ ಮಂಡಿಗೆ ಪೆಟ್ಟಾಗಿತ್ತು. ಅವತ್ತೇ ಎಕ್ಸ್‌ರೇ ತೆಗೆಸಿದೆವು, ಮೂಳೆ ಮುರಿದಿಲ್ಲ ಎಂದರು. ಆಮೇಲೆ ನಾಟಿ ವೈದ್ಯರ ಹತ್ತಿರ ಪಟ್ಟು ಹಾಕಿಸಿ ಎಣ್ಣೆ ತಿಕ್ಕಿಸಿದೆ, ಸರಿಯಾಯಿತು. ಈಗ ಒಂದು ವರ್ಷದಿಂದ ಮಂಡಿಯ ಹಿಂದೆ, ಸ್ವಲ್ಪ ಮೇಲ್ಗಡೆ, ಕಲ್ಲಿನಂಥ ಗಂಟು ಕೈಗೆ ಸಿಗುತ್ತಿದೆ. ನೋವಿಲ್ಲ. ಆದರೆ ಕಾಲು ಪೂರ್ತಿ ಮಡಚಲು ಆಗುವುದಿಲ್ಲ. ಒಬ್ಬ ಡಾಕ್ಟರು "ಪೆಟ್ಟು ಬಿದ್ದ ಕಡೆ ಕ್ಯಾಲ್ಸಿಯಂ ಕಟ್ಟಿದೆ" ಎಂದರು. ಇನ್ನೊಬ್ಬರು "ಮೂಳೆಯ ಸಾಧಾರಣ ಗಡ್ಡೆ, ಕೆತ್ತಿ ತೆಗೆದರಾಯಿತು, ಒಂದು ಗಂಟೆಯ ಆಪರೇಷನ್" ಎಂದರು. ಎಂಆರ್‌ಐ ರಿಪೋರ್ಟಿನಲ್ಲಿ "ಪ್ಯಾರಾಸ್ಟಿಯಲ್ ಆಸ್ಟಿಯೋಸಾರ್ಕೋಮಾ ಇರಬಹುದು, ಬಯಾಪ್ಸಿ ಮಾಡಿಸಿ" ಎಂದು ಬರೆದಿದೆ. ಬಯಾಪ್ಸಿಗೆ ಅಂತ ಸೂಜಿ ಚುಚ್ಚಿ ತುಣುಕು ತೆಗೆಸಿದರೆ ಕ್ಯಾನ್ಸರ್ ಹರಡುತ್ತದೆ, ಬೇಡ ಅಂತ ನಮ್ಮ ಅತ್ತೆ ಹಟ ಹಿಡಿದಿದ್ದಾರೆ. ಕಾಲು ತೆಗೆಯಬೇಕಾಗುತ್ತದಾ? ಎರಡನೇ ಮಗುವಿನ ಯೋಚನೆಯಲ್ಲೂ ಇದ್ದೆವು. ಏನು ಮಾಡಲಿ?

ಉತ್ತರ: ಆ ಒಂದು ಗಂಟೆಯ ಆಪರೇಷನ್‌ಗೆ ದಿನ ಗೊತ್ತು ಮಾಡಿದ್ದರೆ ಮೊದಲು ಅದನ್ನು ನಿಲ್ಲಿಸಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಫಿಲ್ಮ್‌ಗಳನ್ನು ನಾನು ನೋಡಿಲ್ಲ. ಇದು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಪತ್ರ ಓದಿ ಹೇಳುವುದು ತಪ್ಪಾಗುತ್ತದೆ. ಆದರೆ ನೀವು ಬರೆದ ನಾಲ್ಕು ಸಾಲಿನಲ್ಲೇ ನನ್ನಂಥ ಮೂಳೆ ಗಡ್ಡೆ ಸರ್ಜನ್‌ಗಳ ಕಿವಿ ನೆಟ್ಟಗಾಗುವ ವಿಷಯಗಳಿವೆ. ವಯಸ್ಸು 31. ಜಾಗ ತೊಡೆಮೂಳೆಯ ಕೆಳತುದಿಯ ಹಿಂಭಾಗ. ಗಂಟು ಕಲ್ಲಿನಂತಿದೆ, ನೋವಿಲ್ಲ, ಕಾಲು ಮಡಚಲಾಗುತ್ತಿಲ್ಲ. ಪ್ಯಾರಾಸ್ಟಿಯಲ್ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಇದ್ದವರು ಬಂದು ಹೇಳುವ ಮೊದಲ ದೂರು ಬಹಳ ಸಲ ಇದೇ: "ಡಾಕ್ಟ್ರೇ, ಕೂತ್ಕೊಳ್ಳೋಕೆ ಆಗ್ತಿಲ್ಲ." ಒಬ್ಬಾಕೆ ಎರಡು ವರ್ಷ ಪೂಜೆಗೆ ಕೂರುವಾಗ ಮಣೆಯ ಮೇಲೊಂದು ದಿಂಬು ಇಟ್ಟುಕೊಂಡು ಸಂಭಾಳಿಸಿದ್ದರು. ದಿಂಬಿನ ಮೇಲೆ ಇನ್ನೊಂದು ದಿಂಬು ಬೇಕಾದಾಗ ಆಸ್ಪತ್ರೆಗೆ ಬಂದರು. ಗಂಟು ಅಷ್ಟು ನಿಧಾನ ಬೆಳೆಯುತ್ತದೆ.

ನೋವಿಲ್ಲ ಅಂದಮೇಲೆ ಕ್ಯಾನ್ಸರ್ ಇರಲಿಕ್ಕಿಲ್ಲ ಅನ್ನುವ ಮಾತು ಮನೆಯಲ್ಲಿ ಬಂದೇ ಬಂದಿರುತ್ತದೆ. ಇದಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಮೂಳೆಯ ಒಳಗಿನಿಂದ ಏಳುವ ಸಾಮಾನ್ಯ ಆಸ್ಟಿಯೋಸಾರ್ಕೋಮಾ ಹದಿಹರೆಯದವರಲ್ಲಿ ಜಾಸ್ತಿ, ಬೇಗ ಬೆಳೆಯುತ್ತದೆ, ರಾತ್ರಿ ನಿದ್ದೆಗೆಡಿಸುವಂತೆ ನೋಯುತ್ತದೆ. ಪ್ಯಾರಾಸ್ಟಿಯಲ್ ಅದರ ಸೌಮ್ಯ ಸ್ವಭಾವದ ದಾಯಾದಿ. ಮೂಳೆಯ ಹೊರಮೈಯಲ್ಲಿ ಹುಟ್ಟುತ್ತದೆ, ಹೆಚ್ಚಾಗಿ 20ರಿಂದ 40 ವಯಸ್ಸಿನೊಳಗೆ, ಹೆಂಗಸರಲ್ಲಿ ತುಸು ಜಾಸ್ತಿ. ಆಸ್ಟಿಯೋಸಾರ್ಕೋಮಾವೇ ಅಪರೂಪದ ಕಾಯಿಲೆ. ಅಂಥ 100 ಜನರಲ್ಲಿ ಸುಮಾರು 4-5 ಮಂದಿಗೆ ಮಾತ್ರ ಈ ಬಗೆ ಇರುತ್ತದೆ. ಆ ಪೈಕಿ ಮೂರರಲ್ಲಿ ಎರಡು ಪಾಲು ನೀವು ಹೇಳಿದ ಜಾಗದಲ್ಲೇ ಬರುತ್ತದೆ. 1951ರಲ್ಲಿ ಗೆಶ್ಚಿಕ್ಟರ್ ಮತ್ತು ಕೋಪ್‌ಲ್ಯಾಂಡ್ ಎಂಬ ಇಬ್ಬರು ಅಮೆರಿಕನ್ ವೈದ್ಯರು ಇದನ್ನು ಮೊದಲು ಬೇರೆಯಾಗಿ ಗುರುತಿಸಿದಾಗ ಇಟ್ಟ ಹೆಸರು "ಪ್ಯಾರಾಸ್ಟಿಯಲ್ ಆಸ್ಟಿಯೋಮಾ". ನಿರಪಾಯಕಾರಿ ಗಡ್ಡೆಗೆ ಇಡುವಂಥ ಹೆಸರು ಅದು. ಹಾಗಾಗಿ ನಿಮ್ಮ ಊರಿನ ಡಾಕ್ಟರರನ್ನು ನಾನು ಬೈಯುವುದಿಲ್ಲ. ಮೂಳೆ ಡಾಕ್ಟರೊಬ್ಬರು ಇಡೀ ವೃತ್ತಿಯಲ್ಲಿ ಇದನ್ನು ಒಂದು ಸಲವೂ ನೋಡದೇ ಇರಬಹುದು.

ಈಗ ಪೆಟ್ಟಿನ ವಿಷಯ. ಬಿದ್ದದ್ದರಿಂದ, ಎಣ್ಣೆ ತಿಕ್ಕಿಸಿದ್ದರಿಂದ ಈ ಕ್ಯಾನ್ಸರ್ ಬರುವುದಿಲ್ಲ. ಪೆಟ್ಟು ಬಿದ್ದ ಮೇಲೆ ನಾವು ಆ ಜಾಗವನ್ನು ದಿನಾ ಮುಟ್ಟಿ ನೋಡುತ್ತೇವೆ. ಅದಕ್ಕೇ ಗಂಟು ಕಣ್ಣಿಗೆ ಬೀಳುತ್ತದೆ. ಆದರೆ "ಕ್ಯಾಲ್ಸಿಯಂ ಕಟ್ಟಿದೆ" ಎಂದವರ ಮಾತು ಪೂರ್ತಿ ಗಾಳಿಮಾತೂ ಅಲ್ಲ. ಜೋರು ಪೆಟ್ಟು ಬಿದ್ದಾಗ, ಅದರ ಮೇಲೆ ಬಲವಾಗಿ ತಿಕ್ಕಿದಾಗ, ಸ್ನಾಯುವಿನೊಳಗೇ ಮೂಳೆ ಕಟ್ಟಿಕೊಳ್ಳುವುದುಂಟು. ಮಯೋಸೈಟಿಸ್ ಆಸಿಫಿಕನ್ಸ್ ಅಂತ ಅದಕ್ಕೆ ಹೆಸರು. ಅದಕ್ಕೊಂದು ಕ್ರಮ ಇದೆ. ಪೆಟ್ಟಾದ ಕೆಲವೇ ವಾರಗಳಲ್ಲಿ ಊದಿ ನೋಯುತ್ತದೆ, ತಿಂಗಳೊಪ್ಪತ್ತಿನಲ್ಲಿ ಎಕ್ಸ್‌ರೇಯಲ್ಲಿ ಕಾಣತೊಡಗುತ್ತದೆ, ಹೊರ ಅಂಚಿನಿಂದ ಒಳಕ್ಕೆ ಗಟ್ಟಿಯಾಗುತ್ತ ಬರುತ್ತದೆ, ಕೆಲವು ತಿಂಗಳಲ್ಲಿ ನಿಲ್ಲುತ್ತದೆ ಇಲ್ಲವೇ ಕುಗ್ಗುತ್ತದೆ. ಪ್ಯಾರಾಸ್ಟಿಯಲ್‌ನಲ್ಲಿ ಇದು ತಿರುಗುಮುರುಗು. ನಡುವೆ, ಮೂಳೆಗೆ ಅಂಟಿದ ಬುಡದಲ್ಲಿ ಗಟ್ಟಿ, ಅಂಚಿನಲ್ಲಿ ಎಳಸು. ನಿಮಗೆ ಗಂಟು ಕೈಗೆ ಸಿಕ್ಕಿದ್ದೇ ಬಿದ್ದು ಒಂದೂವರೆ ವರ್ಷ ಕಳೆದ ಮೇಲೆ. ಈ ಲೆಕ್ಕ ನನಗೆ ಅಷ್ಟಾಗಿ ಹೊಂದುತ್ತಿಲ್ಲ.

"ಸಾಧಾರಣ ಗಡ್ಡೆ" ಎಂದವರು ಬಹುಶಃ ಆಸ್ಟಿಯೋಕಾಂಡ್ರೋಮಾ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಾರೆ. ನಿರಪಾಯಕಾರಿ ಮೂಳೆ ಗಡ್ಡೆಗಳಲ್ಲಿ ಅದೇ ಎಲ್ಲಕ್ಕಿಂತ ಸಾಮಾನ್ಯ. ನೀವು ಮಲೆನಾಡಿನ ಕಡೆಯವರು, ಹೀಗೆ ಹೇಳಿದರೆ ಬೇಗ ಹೊಳೆಯಬಹುದು. ಆಸ್ಟಿಯೋಕಾಂಡ್ರೋಮಾ ಮರದ ಕೊಂಬೆ ಇದ್ದ ಹಾಗೆ. ಕಾಂಡದ ತೊಗಟೆಯೇ ಕೊಂಬೆಯ ತೊಗಟೆಯಾಗಿ ಮುಂದುವರಿಯುತ್ತದೆ, ಒಳಗಿನ ತಿರುಳೂ ಅಷ್ಟೇ. ಪ್ಯಾರಾಸ್ಟಿಯಲ್ ಮರಕ್ಕೆ ಮೆತ್ತಿಕೊಂಡ ಗೆದ್ದಲು ಹುತ್ತದ ಹಾಗೆ. ಅಗಲ ಬುಡ, ಹೊರಗಿನಿಂದ ಅಂಟಿಕೊಂಡದ್ದು. ಶುರುವಿನಲ್ಲಿ ಮರದ ತಿರುಳಿಗೂ ಅದಕ್ಕೂ ಸಂಬಂಧ ಇರುವುದಿಲ್ಲ, ತಡವಾದರೆ ಒಳಗೂ ಇಳಿಯುತ್ತದೆ. ಇನ್ನೊಂದು ಗುರುತು ವಯಸ್ಸು. ಕೊಂಬೆಯಂಥ ಗಡ್ಡೆ ಮಕ್ಕಳ ಎತ್ತರ ಬೆಳೆಯುವವರೆಗೆ ಬೆಳೆದು ಅಲ್ಲಿಗೇ ನಿಲ್ಲುತ್ತದೆ. ಮೂವತ್ತು ದಾಟಿದವರಲ್ಲಿ ಹೊಸದಾಗಿ ಬೆಳೆಯುವ ಗಂಟನ್ನು ಸಾಧಾರಣ ಅಂತ ಸುಮ್ನೆ ಬಿಡಬಾರದು.

ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಾಗ ನಾವು ಹುಡುಕುವುದು ಒಂದು ಎಳೆಯನ್ನು. ಗಡ್ಡೆಗೂ ಮೂಳೆಗೂ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ. ಬುಡದಲ್ಲಿ ಅಂಟಿಕೊಂಡು, ಅಂಚುಗಳಲ್ಲಿ ಮೂಳೆಯನ್ನು ಮುಟ್ಟದೆ ಸುತ್ತಿಕೊಂಡು ಬೆಳೆಯುವುದರಿಂದ ಆ ಸಂದು ಕಾಣುತ್ತದೆ. ಎಲ್ಲರಲ್ಲೂ ಕಾಣುವುದಿಲ್ಲ, ಗಡ್ಡೆ ದೊಡ್ಡದಾದ ಮೇಲೆ ಮುಚ್ಚಿಹೋಗುತ್ತದೆ. ಎಕ್ಸ್‌ರೇಯಲ್ಲಿ ಅನುಮಾನ ಬಂದರೆ ಸಿಟಿ ಸ್ಕ್ಯಾನಿನಲ್ಲಿ ಇನ್ನೂ ಸ್ಪಷ್ಟ. ಎಂಆರ್‌ಐ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಗಡ್ಡೆ ಮಜ್ಜೆಯೊಳಕ್ಕೆ ಇಳಿದಿದೆಯಾ? ಮಂಡಿ ಹಿಂದಿನ ದೊಡ್ಡ ರಕ್ತನಾಳ ಎಷ್ಟು ದೂರದಲ್ಲಿದೆ? ಎದೆಯ ಸಿಟಿಯನ್ನೂ ಮಾಡಿಸುತ್ತಾರೆ. ಮೂಳೆ ಕ್ಯಾನ್ಸರ್ ಹರಡುವುದಾದರೆ ಮೊದಲು ಶ್ವಾಸಕೋಶಕ್ಕೆ ಹೋಗುತ್ತದೆ, ಅದಕ್ಕೇ. ಎದೆಯ ಸಿಟಿ ಅಂದ ಕೂಡಲೇ ಗಾಬರಿಯಾಗಬೇಡಿ.

ಇನ್ನು ಅತ್ತೆಯವರ ಮಾತು. ಅವರ ಭಯಕ್ಕೆ ಒಂದು ಬುಡ ಇದೆ. ಸೂಜಿ ಹೋದ ದಾರಿಯಲ್ಲಿ ಕೆಲವು ಕಣಗಳು ಉಳಿಯುವ ಸಾಧ್ಯತೆ ಸ್ವಲ್ಪ ಇದೆ. ಅದಕ್ಕೇ ನಾವು ಮುಂದೆ ಆಪರೇಷನ್ ಮಾಡುವಾಗ ಚರ್ಮ ಎಲ್ಲಿ ಕೊಯ್ಯುತ್ತೇವೋ ಅದೇ ಗೆರೆಯ ಮೇಲೆ ಸೂಜಿ ಹಾಕಿಸುತ್ತೇವೆ. ಆಪರೇಷನ್ ದಿನ ಆ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆದುಬಿಡುತ್ತೇವೆ. ಅಂದರೆ ಚುಚ್ಚುವುದಕ್ಕಿಂತ ಯಾರು, ಎಲ್ಲಿ ಚುಚ್ಚುತ್ತಾರೆ ಅನ್ನುವುದೇ ಮುಖ್ಯ. ಹೆನ್ರಿ ಮ್ಯಾಂಕಿನ್ ಎಂಬ ಅಮೆರಿಕದ ಮೂಳೆ ಗಡ್ಡೆ ತಜ್ಞರು 1982ರಲ್ಲಿ, ಮತ್ತೆ 1996ರಲ್ಲಿ, ಮೂಳೆ ಹಾಗೂ ಸ್ನಾಯು ಗಡ್ಡೆಗಳ ಬಯಾಪ್ಸಿಯಲ್ಲಿ ಆಗುವ ಎಡವಟ್ಟುಗಳನ್ನು ಲೆಕ್ಕ ಹಾಕಿಸಿದರು. ಎರಡು ಸಲವೂ ಕಂಡದ್ದು ಒಂದೇ. ಕೊನೆಗೆ ಆಪರೇಷನ್ ಮಾಡುವ ಕೇಂದ್ರದಲ್ಲೇ ಬಯಾಪ್ಸಿ ಮಾಡಿದಾಗ ತೊಂದರೆ ಕಡಿಮೆ, ಬೇರೆ ಕಡೆ ಮಾಡಿಸಿಕೊಂಡು ಬಂದಾಗ ಎಷ್ಟೋ ಪಟ್ಟು ಜಾಸ್ತಿ. ಅತ್ತೆಯವರಿಗೆ ಇಷ್ಟು ಹೇಳಿ: ಸೂಜಿಗಿಂತ ನೂರು ಪಾಲು ಹೆದರಬೇಕಾದದ್ದು ಗೊತ್ತಿಲ್ಲದೆ ಕೆತ್ತಿ ತೆಗೆಯುವುದಕ್ಕೆ.

ಕೆತ್ತಿದರೆ ಏನಾಗುತ್ತದೆ? ಗಡ್ಡೆ ಹೋದಂತೆ ಕಾಣುತ್ತದೆ, ಆದರೆ ಬುಡ ಮೂಳೆಯಲ್ಲೇ ಉಳಿಯುತ್ತದೆ. ಒಬ್ಬ ಯುವ ರೈತ ನಮ್ಮಲ್ಲಿಗೆ ಬಂದಿದ್ದರು. ಬೇರೆ ಬೇರೆ ಕಡೆ ಎರಡು ಸಲ ಕೆತ್ತಿಸಿಕೊಂಡಿದ್ದರು. ಮಂಡಿಯ ಹಿಂದೆ ಅಡ್ಡಡ್ಡ ಹೊಲಿಗೆಯ ಗುರುತು. ಹೊಸ ಗಂಟುಗಳು ಮೂರು ಜಾಗದಲ್ಲಿ, ಒಂದು ಹೊಲಿಗೆಯ ಅಂಚಿನಲ್ಲೇ. ಸಾಮಾನ್ಯವಾಗಿ ಈ ಗಡ್ಡೆಗೂ ರಕ್ತನಾಳಕ್ಕೂ ನಡುವೆ ಹಳದಿ ಕೊಬ್ಬಿನ ತೆಳು ಪದರ ಇರುತ್ತದೆ. ಆ ಪದರವೇ ನಮ್ಮ ದಾರಿ, ಅದನ್ನು ಹಿಡಿದು ನಾಳವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತೇವೆ. ಅವರಲ್ಲಿ ಅದು ಉಳಿದಿರಲಿಲ್ಲ, ಎಲ್ಲ ಗಾಯದ ಗಟ್ಟಿ ಅಂಟಾಗಿತ್ತು. ಅರ್ಧ ಮೂಳೆ ಉಳಿಸಿ ಮುಗಿಸಬಹುದಾಗಿದ್ದ ಕೆಲಸಕ್ಕೆ ಇಡೀ ಮಂಡಿಯನ್ನೇ ಬದಲಿಸಬೇಕಾಯಿತು, ರಕ್ತನಾಳಕ್ಕೂ ತೇಪೆ ಹಾಕಬೇಕಾಯಿತು. ಮೊದಲ ಆಪರೇಷನ್ನೇ ಸರಿಯಾದ ಆಪರೇಷನ್ ಆಗಬೇಕು ಅಂತ ನಾವು ಪದೇ ಪದೇ ಹೇಳುವುದು ಇಂಥದ್ದನ್ನು ಕಂಡು.

ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ಮೇಲೂ ಒಂದು ಎಚ್ಚರ ಬೇಕು. ಈ ಗಡ್ಡೆಯ ಕಣಗಳು ಸೂಕ್ಷ್ಮದರ್ಶಕದಲ್ಲಿ ಬಹಳ ಸಾಧುವಾಗಿ ಕಾಣುತ್ತವೆ. ಮೂಳೆಯ ಎಳೆಗಳು ಸಾಲಾಗಿ, ನಡುವೆ ನಾರು. "ಫೈಬ್ರಸ್ ಡಿಸ್‌ಪ್ಲೇಸಿಯಾ" ಅಂತಲೋ "ಆಸ್ಟಿಯೋಕಾಂಡ್ರೋಮಾ" ಅಂತಲೋ, ಅಂದರೆ ನಿರಪಾಯಕಾರಿ ಅಂತಲೇ, ರಿಪೋರ್ಟ್ ಬರುವುದುಂಟು. ಆದ್ದರಿಂದ ಪೆಥಾಲಜಿ ವೈದ್ಯರು ತುಣುಕಿನ ಜೊತೆ ಎಕ್ಸ್‌ರೇಯನ್ನೂ ನೋಡಲೇಬೇಕು. ಸಂಶಯ ಉಳಿದರೆ ಎಂಡಿಎಂ2 ಎಂಬ ಜೀನ್ ಪರೀಕ್ಷೆ ಮಾಡಿಸಿ ಅಂತ ಕೇಳಿ. ಬಹುಪಾಲು ಪ್ಯಾರಾಸ್ಟಿಯಲ್ ಗಡ್ಡೆಗಳಲ್ಲಿ ಈ ಜೀನ್‌ನ ಪ್ರತಿಗಳು ವಿಪರೀತ ಹೆಚ್ಚಿರುತ್ತವೆ, ಅದನ್ನು ಹೋಲುವ ನಿರಪಾಯಕಾರಿ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಶುರುವಿನ ವರ್ಷಗಳಲ್ಲಿ ಒಬ್ಬರಿಗೆ ಸೂಜಿಯನ್ನು ಸುಲಭಕ್ಕೆ ಸಿಕ್ಕ ಗಟ್ಟಿ ಭಾಗಕ್ಕೆ ಹಾಕಿದೆ. ರಿಪೋರ್ಟ್ ಸೌಮ್ಯ ಅಂತ ಬಂತು. ಆಪರೇಷನ್ ಮಾಡಿ, ತೆಗೆದ ಮೂಳೆಯನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿದಾಗ ಬಿಳಿ ದಂತದಂಥ ಗಡ್ಡೆಯ ಒಂದು ಮೂಲೆಯಲ್ಲಿ ಮೆತ್ತಗಿನ, ಮಾಸಲು ಗುಲಾಬಿ ಬಣ್ಣದ ಭಾಗ ಸಿಕ್ಕಿತು. ಅದು ಉಗ್ರ ಕ್ಯಾನ್ಸರ್ ಆಗಿ ಬದಲಾಗಿತ್ತು. ಇಂಥ ಬದಲಾವಣೆ ಈ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಆಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟವರಲ್ಲಿ, ಕೆತ್ತಿಸಿಕೊಂಡು ಮತ್ತೆ ಬಂದವರಲ್ಲಿ ಇದರ ಭಯ ಜಾಸ್ತಿ. ಆ ರೋಗಿಗೆ ಆಮೇಲೆ ಕೀಮೊ ಕೊಡಬೇಕಾಯಿತು. ಅಂದಿನಿಂದ ನಾನು ಸ್ಕ್ಯಾನಿನಲ್ಲಿ ಮೆತ್ತಗೆ ಕಾಣುವ ಜಾಗವನ್ನು ಗುರುತು ಹಾಕಿಕೊಟ್ಟು ಅಲ್ಲಿಂದಲೇ ತುಣುಕು ತೆಗೆಸುತ್ತೇನೆ. ಒಂದೆರಡು ತುಣುಕಲ್ಲ, ಹಲವು.

ಮೂಳೆಯ ಮೇಲ್ಮೈಯಲ್ಲಿ ಬರುವ ಬೇರೆ ಕ್ಯಾನ್ಸರ್‌ಗಳೂ ಇವೆ. ಪೆರಿಯಾಸ್ಟಿಯಲ್ ಅನ್ನುವುದು ಇನ್ನೂ ಅಪರೂಪ, ಎಳೆಯ ವಯಸ್ಸಿನವರಿಗೆ, ಮೂಳೆಯ ನಡುಭಾಗದಲ್ಲಿ ಬರುತ್ತದೆ, ಸ್ವಭಾವ ಮಧ್ಯಮ. ಮೇಲ್ಮೈಯಲ್ಲೇ ಹುಟ್ಟುವ ಉಗ್ರ ಬಗೆ ಅದಕ್ಕಿಂತಲೂ ಅಪರೂಪ. ನಿಮ್ಮ ರಿಪೋರ್ಟಿನಲ್ಲಿ ಅವುಗಳ ಮಾತಿಲ್ಲ, ಇಲ್ಲಿ ಬಿಡೋಣ.

ಬಯಾಪ್ಸಿಯಲ್ಲಿ ಸೌಮ್ಯ ಪ್ಯಾರಾಸ್ಟಿಯಲ್ ಅಂತಲೇ ಬಂತು ಅಂದುಕೊಳ್ಳಿ. ಆಗ ಕೀಮೊ ಬೇಡ, ಅದರಿಂದ ಲಾಭವೂ ಇಲ್ಲ. ರೇಡಿಯೇಶನ್ನಿಗೂ ಇದು ಬಗ್ಗುವುದಿಲ್ಲ. ಔಷಧ ಅಂದರೆ ಆಪರೇಷನ್ ಒಂದೇ. ಗಡ್ಡೆ ಎಲ್ಲೂ ತೆರೆದುಕೊಳ್ಳದಂತೆ, ಅದನ್ನು ಸುತ್ತ ಒಳ್ಳೆಯ ಸ್ನಾಯು ಮತ್ತು ಮೂಳೆಯ ಹೊದಿಕೆ ಸಮೇತ, ಒಂದೇ ತುಂಡಾಗಿ ತೆಗೆಯಬೇಕು. ಹಾಗೆ ತೆಗೆಸಿಕೊಂಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಐದು ವರ್ಷದ ನಂತರವೂ ಚೆನ್ನಾಗಿರುತ್ತಾರೆ. ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಕಾಲು ತೆಗೆಯುವ ಪ್ರಸಂಗ ಇಂದು ಬಹಳ ಕಡಿಮೆ. ರಕ್ತನಾಳ, ನರ ಎಲ್ಲವನ್ನೂ ಗಡ್ಡೆ ನುಂಗಿದ್ದರೆ ಇಲ್ಲವೇ ಹಲವು ಆಪರೇಷನ್ ಆಗಿ ಕೆಟ್ಟಿದ್ದರೆ ಮಾತ್ರ ಆ ಮಾತು ಬರುತ್ತದೆ.

ಕಾಲು ಉಳಿಯುತ್ತದೆ ಅಂದಮೇಲೆ ಹೇಗೆ ಉಳಿಯುತ್ತದೆ ಅನ್ನುವುದೇ ನಿಜವಾದ ಚರ್ಚೆ. ಗಡ್ಡೆ ಮೂಳೆಯ ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಹಿಡಿದಿದ್ದು, ಮಜ್ಜೆಯೊಳಗೆ ಇಳಿಯದಿದ್ದರೆ, ಹಿಂದಿನ ಅರ್ಧ ಗೋಡೆಯನ್ನಷ್ಟೇ ಕತ್ತರಿಸಿ ಮುಂದಿನದನ್ನೂ ಕೀಲನ್ನೂ ಉಳಿಸಬಹುದು. ಖಾಲಿ ಜಾಗಕ್ಕೆ ನಿಮ್ಮದೇ ಬೇರೆ ಮೂಳೆಯನ್ನೋ ದಾನಿಯ ಮೂಳೆಯನ್ನೋ ಇಟ್ಟು ಪ್ಲೇಟು-ಸ್ಕ್ರೂ ಹಾಕುತ್ತೇವೆ. ಇನ್ನೊಂದು ಉಪಾಯ ನಮ್ಮ ದೇಶದಲ್ಲಿ ಚೆನ್ನಾಗಿ ರೂಢಿಯಲ್ಲಿದೆ. ತೆಗೆದ ಮೂಳೆಯ ಮೇಲಿನ ಗಡ್ಡೆಯನ್ನು ಪಕ್ಕದ ಮೇಜಿನ ಮೇಲೆ ಶುಚಿ ಮಾಡಿ, ಸ್ಟೆರೈಲ್ ಚೀಲಗಳಲ್ಲಿ ಸುತ್ತಿ, ರೇಡಿಯೇಶನ್ ಕೋಣೆಗೆ ಒಯ್ದು, ಒಂದೇ ಬಾರಿಗೆ 50 ಗ್ರೇ (ರೇಡಿಯೇಶನ್ನಿನ ಅಳತೆ) ಕೊಟ್ಟು, ವಾಪಸು ತಂದು ಅದೇ ಜಾಗದಲ್ಲಿ ಕೂರಿಸುವುದು. ದೇಹಕ್ಕೆ ಇಷ್ಟು ಕೊಟ್ಟರೆ ತಡೆಯದು, ಹೊರಗೆ ತೆಗೆದ ಮೂಳೆಗೆ ಕೊಡಬಹುದು, ಕ್ಯಾನ್ಸರ್ ಕಣಗಳು ಸಾಯುತ್ತವೆ. ಅಷ್ಟೂ ಹೊತ್ತು ರೋಗಿ ಮೇಜಿನ ಮೇಲೆ ಮಲಗಿರುತ್ತಾರೆ. ಚೀಲ ಹಿಡಿದು ಕಾರಿಡಾರಿನಲ್ಲಿ ಓಡುವ ಜೂನಿಯರ್ ಡಾಕ್ಟರನ್ನು ನೋಡಿ ಹೊರಗೆ ಕೂತ ಮನೆಯವರು ಬೆಚ್ಚಿಬೀಳುವುದೂ ಉಂಟು, ಈಗ ನಾವು ಮೊದಲೇ ಹೇಳಿಬಿಡುತ್ತೇವೆ! ಜಪಾನಿನ ಕನಜಾವಾದಲ್ಲಿ ರೇಡಿಯೇಶನ್ ಬದಲು ದ್ರವ ನೈಟ್ರೋಜನ್‌ನಲ್ಲಿ ಅದ್ದಿ ಹೆಪ್ಪುಗಟ್ಟಿಸುವ ವಿಧಾನ ರೂಢಿಗೆ ತಂದರು. ಇಲ್ಲಿಯೂ ಕೆಲವರು ಅದನ್ನು ಮಾಡುತ್ತಾರೆ.

ಈ ದಾರಿಯಲ್ಲಿ ತಾಳ್ಮೆ ಬೇಕು. ಕೂರಿಸಿದ ಮೂಳೆ ಬೆಸೆದುಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ವಾಕರ್, ಕಾಲಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಕೆಲವರಿಗೆ ಬೆಸೆಯದೆ ಮತ್ತೊಮ್ಮೆ ಆಪರೇಷನ್ ಬೇಕಾಗುತ್ತದೆ, ಕೆಲವರಿಗೆ ಅಲ್ಲೇ ಮುರಿಯುತ್ತದೆ. ಆದರೆ ಬೆಸೆದುಕೊಂಡರೆ ಮಂಡಿ ನಿಮ್ಮದೇ.

ಗಡ್ಡೆ ಕೀಲಿನವರೆಗೆ ಬಂದಿದ್ದರೆ ಅಥವಾ ಮೂಳೆಯನ್ನು ಸುತ್ತಿಕೊಂಡಿದ್ದರೆ ಮೆಗಾ ಪ್ರಾಸ್ಥೆಸಿಸ್, ಅಂದರೆ ತೊಡೆಮೂಳೆಯ ಕೆಳತುದಿ ಸಮೇತ ಲೋಹದ ಮಂಡಿ. ಕೆಲವೇ ದಿನದಲ್ಲಿ ಎದ್ದು ನಡೆಯಬಹುದು, ಅದು ಇದರ ದೊಡ್ಡ ಲಾಭ. ಆದರೆ ಲೋಹ ಸವೆಯುತ್ತದೆ, ಸಡಿಲವಾಗುತ್ತದೆ. 31ನೇ ವಯಸ್ಸಿಗೆ ಹಾಕಿದ್ದು ಜೀವನ ಪೂರ್ತಿ ಬರುವುದಿಲ್ಲ, ಮುಂದೆ ಒಮ್ಮೆಯಾದರೂ ಬದಲಿಸಬೇಕಾದೀತು. ನೂರರಲ್ಲಿ ಸುಮಾರು ಹತ್ತು ಮಂದಿಗೆ ಸೋಂಕು ತಗಲುತ್ತದೆ, ಅದು ತಲೆನೋವಿನ ಕೆಲಸ. ನೆಲದ ಮೇಲೆ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು ಬಿಡಬೇಕು. ಮನೆಯಲ್ಲಿ ಕಮೋಡ್ ಹಾಕಿಸಬೇಕು. ಶಾಲೆಯಲ್ಲಿ ನಿಂತು ಪಾಠ ಮಾಡಲು ಅಡ್ಡಿಯಿಲ್ಲ. ಎರಡರಲ್ಲಿ ಯಾವುದು ಅಂತ ಕೇಳಿದರೆ, ಅಂಚು ಶುಚಿಯಾಗಿ ಸಿಗುವಂತಿದ್ದರೆ ನಿಮ್ಮ ವಯಸ್ಸಿನವರಿಗೆ ನಾನು ಕೀಲು ಉಳಿಸುವ ಕಡೆಗೇ ವಾಲುತ್ತೇನೆ. ಮಂಡಿ ಉಳಿಸುವ ಆಸೆಗೆ ಗಡ್ಡೆಯ ಹತ್ತಿರ ಕತ್ತರಿಸುವುದಕ್ಕೆ ಮಾತ್ರ ಒಪ್ಪುವುದಿಲ್ಲ.

ಮಗುವಿನ ವಿಷಯ. ಸೌಮ್ಯ ಬಗೆಯಾಗಿದ್ದು ಬರೀ ಆಪರೇಷನ್‌ನಲ್ಲಿ ಮುಗಿದರೆ ಗರ್ಭಕ್ಕೆ ಇದರಿಂದ ತೊಂದರೆಯಿಲ್ಲ. ಮೂಳೆ ಬೆಸೆದು, ಭಾರ ಹೊತ್ತು ಓಡಾಡುವಂತಾದ ಮೇಲೆ ಯೋಚಿಸಿ. ಪರೀಕ್ಷೆ ಮಾಡಿಸುವ ಈ ತಿಂಗಳುಗಳಲ್ಲಿ ಮಾತ್ರ ಬೇಡ, ಸಿಟಿ ಸ್ಕ್ಯಾನುಗಳು ಸಾಲುಸಾಲಾಗಿ ಇರುತ್ತವೆ. ಒಂದು ವೇಳೆ ಉಗ್ರ ಭಾಗ ಇದೆ ಎಂದು ಬಂದರೆ ಕೀಮೊ ಬೇಕಾಗುತ್ತದೆ. ಆಗ ಕೀಮೊ ಶುರುವಾಗುವ ಮುಂಚೆಯೇ "ನಮಗೆ ಇನ್ನೊಂದು ಮಗು ಬೇಕು" ಅಂತ ಬಾಯಿಬಿಟ್ಟು ಹೇಳಿ. ಅಂಡಾಣು ಅಥವಾ ಭ್ರೂಣ ತೆಗೆದಿಡುವ ದಾರಿಗಳಿವೆ. ಎಷ್ಟೋ ಜನ ಸಂಕೋಚಕ್ಕೆ ಕೇಳುವುದೇ ಇಲ್ಲ, ನಾವೂ ಕೆಲಸದ ಗಡಿಬಿಡಿಯಲ್ಲಿ ಮರೆಯುತ್ತೇವೆ.

ಎಲ್ಲಿಗೆ ಹೋಗಬೇಕು? ಮೂಳೆ ಕ್ಯಾನ್ಸರ್ ಸರ್ಜರಿಯನ್ನೇ ಮಾಡುವ ತಂಡ ಇರುವಲ್ಲಿಗೆ. ಬೆಂಗಳೂರಿನ ಕಿದ್ವಾಯಿ ಇದೆ, ಮುಂಬೈನ ಟಾಟಾ ಮೆಮೋರಿಯಲ್ ಇದೆ, ಕೆಲವು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಇಂಥ ತಜ್ಞರಿದ್ದಾರೆ. ಹೋದ ಕಡೆ ನೇರವಾಗಿ ಕೇಳಿ: ಬಯಾಪ್ಸಿ ಮತ್ತು ಆಪರೇಷನ್ ಒಂದೇ ತಂಡ ಮಾಡುತ್ತದಾ? ರೇಡಿಯಾಲಜಿ, ಪೆಥಾಲಜಿಯವರು ಕೂತು ಒಟ್ಟಿಗೆ ನೋಡುತ್ತಾರಾ? ನೀವು ಸರ್ಕಾರಿ ಶಾಲೆಯವರಾದರೆ ನೌಕರರ ನಗದುರಹಿತ ಚಿಕಿತ್ಸೆಯ ಯೋಜನೆ ವಿಚಾರಿಸಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಎರಡು-ಮೂರು ವಾರ ಪರೀಕ್ಷೆಗೆ ಹೋದರೆ ಏನೂ ಕೆಡುವುದಿಲ್ಲ. ಬೇಸಿಗೆ ರಜೆಗೆ ನೋಡೋಣ ಅಂತ ಎಳೆಯಬೇಡಿ. ಆಪರೇಷನ್ ಆದ ಮೇಲೆ ಮೊದಲ ಎರಡು ವರ್ಷ ಮೂರ್ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತ, ಹತ್ತು ವರ್ಷದವರೆಗಾದರೂ ತಪಾಸಣೆಗೆ ಬರುತ್ತಿರಬೇಕು. ನಿಧಾನ ಬೆಳೆಯುವ ಗಡ್ಡೆ ಮರಳುವುದೂ ನಿಧಾನವಾಗಿಯೇ. ಈಗಂತೂ ಆ ಜಾಗಕ್ಕೆ ಎಣ್ಣೆ ತಿಕ್ಕುವುದು, ಪಟ್ಟು ಕಟ್ಟುವುದು ಬೇಡ.

ಹೊರಡುವಾಗ ರಿಪೋರ್ಟ್ ಕಾಗದಗಳಷ್ಟೇ ಸಾಲದು. ಎಂಆರ್‌ಐ ಸಿಡಿ, ಫಿಲ್ಮ್ ಎಲ್ಲ ತನ್ನಿ. ಮುಖ್ಯವಾಗಿ ಸ್ಕೂಟರಿನಿಂದ ಬಿದ್ದ ದಿನ ತೆಗೆಸಿದ ಆ ಎಕ್ಸ್‌ರೇ ಹುಡುಕಿ. ಬೀರುವಿನ ಮೇಲೋ ಹಾಸಿಗೆಯ ಕೆಳಗೋ ಇರುತ್ತದೆ. ಅವತ್ತು ನೋಡಿದವರು ಮೂಳೆ ಮುರಿದಿದೆಯಾ ಅಂತ ಮಾತ್ರ ನೋಡಿರುತ್ತಾರೆ. ಮೂಳೆಯ ಹಿಂಭಾಗದಲ್ಲಿ ಚಿಕ್ಕದೊಂದು ಬಿಳಿ ಕಲೆ ಅವತ್ತೇ ಇತ್ತಾ ಅನ್ನುವುದನ್ನು ನಿಮ್ಮ ಹೊಸ ಡಾಕ್ಟರು ಎಲ್ಲಕ್ಕಿಂತ ಮೊದಲು ನೋಡುತ್ತಾರೆ.